ಹಿಂಬಾಗಿಲ ಗಾಜು ಮತ್ತು ಹೊಂದಾಣಿಕೆಯುಳ್ಳ ಇಬ್ಬರು

ಹಳೆಯ ವಾಹನಗಳ ಗಾಜು ಹಾಗೂ ರಬ್ಬರ್ ಸರಬರಾಜು ಸಂಸ್ಥೆಯ ಗ್ರಾಹಕ ಸೇವಾ ವಿಭಾಗದ ಮಾನ್ಯರೇ,

ತಾವೂ ತಮ್ಮ ಗೋದಾಮಿನ ಸಮಸ್ತ ಗಾಜುಗಳೂ ಬಿರುಕಿಲ್ಲದೆ ಕ್ಷೇಮವಾಗಿರುವಿರೆಂದು ನಂಬಿ, ಹೊಲಿಗೆ ಅಂಗಡಿಯವಳಾದ ನಾನು ಕತ್ತರಿಯನ್ನು ಬದಿಗಿಟ್ಟು, ಎರಡೂ ಕೈ ಜೋಡಿಸಿ ಈ ಪತ್ರವನ್ನು ಆರಂಭಿಸುತ್ತಿದ್ದೇನೆ. ಇದನ್ನು ದೂರು ಎಂದು ತಾವು ಖಂಡಿತ ಭಾವಿಸಬಾರದು. ದೂರುಗಳಿಗೆಂದೇ ತಾವು ಪ್ರತ್ಯೇಕ ದೂರವಾಣಿಯನ್ನು ಇಟ್ಟಿದ್ದೀರಿ. ಅದರಲ್ಲಿ ಕಾಯುವವರಿಗೆ ಕೇಳಿಸುವ ಕೊಳಲಿನ ರಾಗವನ್ನು ನಾನು ಪೂರ್ತಿ ಕಲಿತಾಗಿದೆ, ಗುಂಡಿಗಳಿಗೆ ಕಾಜಾ ಹೊಲಿಯುವಾಗ ಗುನುಗುತ್ತೇನೆ ಕೂಡ.

ನಮ್ಮ ತಂದೆಯವರು ದುಡಿದಷ್ಟು ಕಾಲವೂ ಸಭೆ ಸಮಾರಂಭಗಳಿಗೆ ಧ್ವನಿವರ್ಧಕ ಬಾಡಿಗೆಗೆ ಕೊಟ್ಟವರು. ಆ ಪೆಟ್ಟಿಗೆಗಳನ್ನು ಹೊತ್ತು ತಿರುಗಿದ್ದು ದುಂಡು ಮೂತಿಯ, ಉಬ್ಬುಗಣ್ಣಿನ ದೀಪಗಳ, ಹಿಂದೆ ಉದ್ದನೆಯ ಸೀಟಿನ ಒಂದು ವ್ಯಾನು. ಪೆಟ್ಟಿಗೆಗಳು ಹೋದವು, ಅವುಗಳ ಹಿಂದೆಯೇ ತಂದೆಯವರ ಅರ್ಧ ಕಿವಿಯೂ ಹೋಯಿತು, ವ್ಯಾನು ಮಾತ್ರ ಉಳಿಯಿತು. ನನ್ನ ಯಜಮಾನರಾದರೋ ಗ್ರಂಥಾಲಯದಲ್ಲಿ ಕೆಲಸ ಮಾಡುವವರು. ಅಲ್ಲಿನ ಪಿಸುದನಿಯನ್ನು ಚಪ್ಪಲಿಯಂತೆ ಹೊಸಿಲಾಚೆ ಬಿಟ್ಟುಬರಲು ಅವರಿಗೆ ಎಂದೂ ಸಾಧ್ಯವಾಗಿಲ್ಲ. ಒಂದು ಬೆಳಿಗ್ಗೆ ಅವರು "ಮಾವ, ಬಾಗಿಲು ಜೋರಾಗಿ ಹಾಕಬೇಡಿ" ಎಂದು ಪಿಸುಗುಟ್ಟಿದರು. ತಂದೆಯವರಿಗೆ ಕೇಳಿಸಿದ್ದು "ಜೋರಾಗಿ" ಎಂಬುದಷ್ಟೇ, ಮತ್ತು ಅವರು ಅಳಿಯನ ಮಾತನ್ನು ಅದುವರೆಗೂ ತೆಗೆದುಹಾಕಿದವರಲ್ಲ. ವ್ಯಾನಿನ ಹಿಂಬಾಗಿಲ ಗಾಜು ಸಕ್ಕರೆಯ ಹರಳುಗಳಂತೆ ಅಂಗಳದ ತುಂಬ ಚೆಲ್ಲಿತು.

"ನಿನ್ನ ಗಂಡಂಗೆ ಬಾಯಿಲ್ಲ" ಎಂದರು ತಂದೆಯವರು. "ನಿಮ್ಮಪ್ಪಂಗೆ ಕಿವಿಯಿಲ್ಲ" ಎಂದರು ಯಜಮಾನರು. ಎರಡನ್ನೂ ನನಗೇ ಹೇಳಿದ್ದು. ಅವರಿಬ್ಬರ ನಡುವೆ ಮಾತು ಅಲ್ಲಿಗೆ ನಿಂತಿತು.

ನಮ್ಮ ತಾಯಿಯವರು ಆಗ ಮಂಡಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಆಸ್ಪತ್ರೆಯಲ್ಲಿದ್ದರು. ಕಾಲು ಮಡಚುವಂತಿಲ್ಲವಾದ್ದರಿಂದ ಅವರು ಮನೆಗೆ ಬರಬೇಕಾದದ್ದು ಆ ಉದ್ದನೆಯ ಸೀಟಿನ ಮೇಲೆಯೇ. ಆದರೆ ಹಿಂದೆ ಗಾಜಿಲ್ಲದ ವ್ಯಾನು ತಾನು ಬಿಟ್ಟ ಹೊಗೆಯನ್ನು ತಾನೇ ಒಳಗೆಳೆದುಕೊಳ್ಳುತ್ತದೆ. ಬೇರೆ ಗಾಡಿ ತರುತ್ತೇವೆಂದರೆ ಅವರು ಒಪ್ಪಲಿಲ್ಲ. "ಕಾಲು ಚಾಚ್ಕೊಂಡು ಬರೋದಾದ್ರೆ ನಮ್ಮ ಗಾಡೀಲೇ. ಗಾಜು ಹಾಕ್ಸೋವರೆಗೂ ಇಲ್ಲೇ ಇರ್ತೀನಿ ಬಿಡು, ಇಲ್ಲಿ ಯಾರೂ ಜಗಳ ಆಡಲ್ಲ" ಎಂದರು. ಮನೆಯ ಸುದ್ದಿ ಅವರಿಗೆ ಹೇಗೆ ತಲುಪಿತೆಂಬುದು ನನಗೆ ಇಂದಿಗೂ ತಿಳಿಯದು.

ಹೀಗೆ ನಾವು ತಮ್ಮ ಪಾದಕ್ಕೆ ಬಿದ್ದೆವು. ತಾವು ಕೃಪೆಯಿಟ್ಟು ಕಳುಹಿಸಿದ ಮೊದಲನೆಯ ಗಾಜು ಎಷ್ಟು ಉದಾರವಾಗಿತ್ತೆಂದರೆ, ಅದಕ್ಕೆ ನಮ್ಮ ವ್ಯಾನನ್ನು ಅಳವಡಿಸಬಹುದಿತ್ತು. ಕೊಳಲಿನ ರಾಗ ಮುಗಿದ ಮೇಲೆ ದೂರವಾಣಿಗೆ ಬಂದ ತಮ್ಮ ಸಿಬ್ಬಂದಿ, ವಾಹನ ಹಳೆಯದಾದ್ದರಿಂದ ಕಿಟಕಿಯೇ ಕುಗ್ಗಿರಬಹುದೆಂದು ಸಮಾಧಾನ ಹೇಳಿದರು. ಬಟ್ಟೆ ಕುಗ್ಗಿತೆಂದು ಗಿರಾಕಿಗಳಿಗೆ ಹೇಳಿ ಹೇಳಿ ಅಂಗಡಿ ನಡೆಸಿದ ನಾನು ಆ ಪ್ರತಿಭೆಯೆದುರು ತಲೆಬಾಗಿದೆ. ಕಬ್ಬಿಣವೂ ಕುಗ್ಗುತ್ತದೆಂದು ಹೇಳುವ ಧೈರ್ಯ ನನಗೆ ಈ ಜನ್ಮದಲ್ಲಿ ಬಾರದು.

ಎರಡನೆಯ ಗಾಜು ಸರಿಯಾದ ಅಳತೆಯದೇ ಬಂತು, ಈ ತಪ್ಪಿಗಾಗಿ ಯಾರನ್ನೂ ಶಿಕ್ಷಿಸಬೇಡಿರೆಂದು ವಿನಂತಿ. ಅದರೊಂದಿಗೆ ತಮ್ಮ ಸೂಚನಾ ಹಾಳೆಯೂ ಇತ್ತು. ಗಾಜಿನ ಸುತ್ತ ರಬ್ಬರ್ ಪಟ್ಟಿ ತೊಡಿಸಿ, ಪಟ್ಟಿಯ ಸೀಳಿನೊಳಗೆ ಹುರಿಯೊಂದನ್ನು ಕೂರಿಸಿ, ಸಾಬೂನು ನೀರು ಸವರಿ, ಒಬ್ಬರು ಹೊರಗಿನಿಂದ ಗಾಜನ್ನು ಒತ್ತುತ್ತಿರುವಾಗ ಇನ್ನೊಬ್ಬರು ಒಳಗಿನಿಂದ ಹುರಿಯನ್ನು ಎಳೆಯುತ್ತ ಬಂದರೆ ರಬ್ಬರಿನ ಅಂಚು ಚೌಕಟ್ಟಿನ ಮೇಲೆ ತಾನಾಗಿ ಹೊರಳಿ ಕೂರುತ್ತದೆ. ಇಷ್ಟರ ಕೆಳಗೆ ದಪ್ಪಕ್ಷರದಲ್ಲಿ ತಾವು ಮುದ್ರಿಸಿದ್ದೀರಿ: "ಈ ಕೆಲಸಕ್ಕೆ ಪರಸ್ಪರ ಹೊಂದಾಣಿಕೆಯುಳ್ಳ ಇಬ್ಬರು ಬೇಕು." ನಾವು ಪೆಟ್ಟಿಗೆಯನ್ನು ಬೋರಲು ಹಾಕಿ ಹುಡುಕಿದೆವು. ಹುರಿಯಿತ್ತು, ರಬ್ಬರಿತ್ತು, ಆ ಇಬ್ಬರು ಇರಲಿಲ್ಲ.

ಮೊದಲು ನಾನೂ ಯಜಮಾನರೂ ಪ್ರಯತ್ನಿಸಿದೆವು. ಅವರು ಹುರಿಯನ್ನು ಹಳೆಯ ಪುಸ್ತಕದ ಹಾಳೆ ತಿರುವಿದಂತೆ ಎಳೆದರು; ರಬ್ಬರು ಕದಲಲಿಲ್ಲ. ಆಮೇಲೆ ನಾನು ಹೊರಗೆ ನಿಂತೆ, ತಂದೆಯವರು ಒಳಗೆ ಹೊಕ್ಕರು. ಅವರು ಎಳೆದ ರಭಸಕ್ಕೆ ಹುರಿ ಪೂರ್ತಿ ಕಿತ್ತುಬಂದು, ಅದರೊಂದಿಗೆ ಅವರೂ ಸೀಟಿನ ಮೇಲೆ ಅಂಗಾತ ಬಿದ್ದರು. ಒತ್ತುವವರು ಮೆಲ್ಲಗಿರಬೇಕು, ಎಳೆಯುವವರು ಗಟ್ಟಿಗರಿರಬೇಕು. ಯಾರು ಯಾರು ಸೇರಬೇಕೆಂದು ಮೂವರಿಗೂ ತಿಳಿಯಿತು, ಮೂವರೂ ಸೂಚನಾ ಹಾಳೆಯನ್ನು ಮತ್ತೊಮ್ಮೆ ಓದಿದೆವು. ಕೊನೆಗೆ ಅಮ್ಮನ ಕಾಲನ್ನು ನೆನೆದು ಅಳಿಯ ಹೊರಗೆ ನಿಂತರು, ಮಾವ ಒಳಗೆ ಕುಳಿತರು.

ಮಾತಿಲ್ಲದ ಅವರಿಬ್ಬರ ನಡುವೆ ಓಡಾಡುವ ಕೆಲಸ ನನ್ನದಾಯಿತು. "ಮೇಲ್ಗಡೆ ಮೂಲೆ ಒತ್ತೋಕೆ ಹೇಳಮ್ಮ ಅವ್ರಿಗೆ." "ಸ್ವಲ್ಪ ತಡೀಬೇಕು ಅಂತ ಹೇಳು ನಿಮ್ಮಪ್ಪಂಗೆ." ನಾನು ವ್ಯಾನನ್ನು ಸುತ್ತಿ ಬರುವಷ್ಟರಲ್ಲಿ ಪ್ರತಿ ಸಂದೇಶವೂ ಹಳಸಿಹೋಗುತ್ತಿತ್ತು. ಅಷ್ಟರಲ್ಲಿ ಗಿರಾಕಿಯೊಬ್ಬರು ತೋಳು ಬಿಗಿಯಾದ ಅಂಗಿ ಹಿಡಿದು ಬಂದರು. ಅವರನ್ನು ಸಮಾಧಾನಪಡಿಸಲು ನಾನು ಅಂಗಡಿಗೆ ಹೋದೆ.

ಮಾನ್ಯರೇ, ಹಿಂತಿರುಗಿ ಬಂದಾಗ ನಾನು ಕಂಡದ್ದನ್ನು ತಾವೂ ನೋಡಬೇಕಿತ್ತು. ಗಾಜಿನಾಚೆಗೆ ಕೇಳಿಸಲಿ ಎಂದು ನನ್ನ ಯಜಮಾನರು, ಆ ಮೃದುಭಾಷಿ, ಬೀದಿಯ ನಾಯಿಗಳು ಎದ್ದು ನಿಲ್ಲುವಂತೆ "ಎಳೀರಿ ಮಾವ, ಎಳೀರಿ, ತಡೀರಿ, ಈಗ ಎಳೀರಿ" ಎಂದು ಕೂಗುತ್ತಿದ್ದರು. ಒಳಗೆ ತಂದೆಯವರು, ಉಸಿರು ತಾಗಿದರೂ ಗಾಜು ಒಡೆದೀತೆಂಬ ಭಯದಿಂದ, "ಆಯ್ತಪ್ಪ, ಮೆಲ್ಲಗೆ, ಮೆಲ್ಲಗೆ" ಎಂದು ಪಿಸುಗುಟ್ಟುತ್ತಿದ್ದರು. ಒಬ್ಬರ ತುಟಿಯನ್ನು ಇನ್ನೊಬ್ಬರು ಕಣ್ಣು ಕಿರಿದು ಮಾಡಿ ಓದುತ್ತಿದ್ದರು. ರಬ್ಬರು ಕೊನೆಯ ಮೂಲೆಯಲ್ಲಿ ಟಪ್ಪನೆ ಕೂತಿತು. ತಂದೆಯವರು ಗಾಜಿನ ಮೇಲೆ ಅಂಗೈ ಇಟ್ಟರು, ಯಜಮಾನರು ಹೊರಗಿನಿಂದ ಅದೇ ಜಾಗದಲ್ಲಿ ಇಟ್ಟರು, ಆಮೇಲೆ ಇಬ್ಬರಿಗೂ ನಾಚಿಕೆಯಾಗಿ ಸಾಬೂನು ಒರೆಸುವ ನೆಪ ಮಾಡಿಕೊಂಡರು. ನಾನು ನಕ್ಕು ನಕ್ಕು ಚಕ್ರಕ್ಕೆ ಒರಗಿ ಕುಳಿತುಬಿಟ್ಟೆ.

ಅಂದು ಸಂಜೆಯೇ ತಾಯಿಯವರನ್ನು ಕರೆತಂದೆವು. ಅವರು ಸೀಟಿನುದ್ದಕ್ಕೂ ಕಾಲು ಚಾಚಿ, ಹೊಳೆಯುವ ಗಾಜನ್ನು ಮೇಲಿಂದ ಕೆಳಗೆ ನೋಡಿ, "ಒಳಗೆ ಸೆಕೆ. ಇದನ್ನ ತೆಗೆಯೋಕೆ ಬರಲ್ವಾ?" ಎಂದು ಕೇಳಿದರು. "ಬರಲ್ಲ" ಎಂದು ಮಾವ ಅಳಿಯ ಒಂದೇ ದನಿಯಲ್ಲಿ ಕೂಗಿದರು. ಎಷ್ಟೋ ದಿನಗಳ ಮೇಲೆ ಅವರಿಬ್ಬರೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದನ್ನು ಕಂಡು, ತಾಯಿಯವರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, ಮನೆ ತಲುಪುವವರೆಗೂ ಆ ಸೆಕೆಯನ್ನು ಸುಖವಾಗಿ ಅನುಭವಿಸಿದರು.

ತಮ್ಮ ಗಾಜಿನಷ್ಟೇ ಪಾರದರ್ಶಕಳೂ, ಅದಕ್ಕಿಂತ ತುಸು ಗಟ್ಟಿಯೂ ಆದ,
ತಮ್ಮ ವಿಶ್ವಾಸಿ,
ಹೊಲಿಗೆ ಅಂಗಡಿಯವಳು

ತಾಜಾ ಕಲಂ: ಗಾಜಿನ ಮೂಲೆಯಲ್ಲಿ ಅಚ್ಚಾಗಿರುವ ತಮ್ಮ ಸಂಸ್ಥೆಯ ಹೆಸರು ನಮ್ಮ ವ್ಯಾನಿನಲ್ಲಿ ತಲೆಕೆಳಗಾಗಿ ಕೂತಿದೆ. ಇದನ್ನು ಕಂಡವಳು ನಾನೊಬ್ಬಳೇ, ಮತ್ತು ಮನೆಯ ನೆಮ್ಮದಿಗಾಗಿ ಬಾಯಿ ಹೊಲಿದುಕೊಂಡಿದ್ದೇನೆ. ಗಾಜನ್ನು ಬಿಚ್ಚಿಸುವ ಬದಲು, ತಾವೇ ಇನ್ನು ಮುಂದೆ ತಮ್ಮ ಫಲಕ, ಮೊಹರು, ರಸೀದಿಗಳಲ್ಲೆಲ್ಲ ಹೆಸರನ್ನು ತಲೆಕೆಳಗಾಗಿ ಬರೆಸಿದರೆ ಉಪಕಾರವಾದೀತು. ತಮ್ಮ ಕಾರ್ಯವೈಖರಿಗೂ ಅದೇ ಹೆಚ್ಚು ಒಪ್ಪುತ್ತದೆ.