ಅತ್ತೆಯ ಅರ್ಧ ಮಾತ್ರೆ

ನಮ್ಮ ಸೋದರತ್ತೆಗೆ ಅರ್ಧ ಎನ್ನುವುದರಲ್ಲಿ ನಂಬಿಕೆಯೇ ಇಲ್ಲ! ಅರ್ಧ ಲೋಟ ಕಾಫಿ ಕೊಟ್ಟರೆ ಅವಮಾನವಾಯಿತು ಎನ್ನುತ್ತಾರೆ. ಸೀರೆ ನೇಯುತ್ತಿದ್ದ ಕಾಲದಲ್ಲಿ ಬೀಗರು ಬಂದು ಬಾಗಿಲಲ್ಲಿ ನಿಂತರೂ ಸೆರಗು ಮುಗಿಯದೆ ಲಾಳಿ ಕೆಳಗಿಟ್ಟವರಲ್ಲ. ಇಂಥವರಿಗೆ ಹಿಂದೂಪುರದ ಡಾಕ್ಟರು ಪಿತ್ತಕೋಶದ ಆಪರೇಷನ್ ಮಾಡಿ, ಬಿಪಿ ಇಳಿದಿದೆ, ಸದ್ಯಕ್ಕೆ ದಿನಕ್ಕೆ ಒಂದರ ಬದಲು ಅರ್ಧ ಮಾತ್ರೆ ಸಾಕು ಎಂದುಬಿಟ್ಟರು. "ಸಗಂ ಚಾಲಮ್ಮಾ" ಎಂದು ಅವರು ತೆಲುಗಿನಲ್ಲಿ ಹೇಳಿದರು, ನಾನು ಕನ್ನಡದಲ್ಲಿ ಹೇಳಿದೆ. ಎರಡೂ ಭಾಷೆ ಬಲ್ಲ ಅತ್ತೆಗೆ ಎರಡರಲ್ಲೂ ಕೇಳಿಸಲಿಲ್ಲ.

ಕಲ್ಯಾಣದುರ್ಗದ ಅವರ ಮನೆಯಲ್ಲಿ ಆರೈಕೆಗೆ ನಿಂತವಳು ನಾನು. ಮಾತ್ರೆ ಮುರಿದು ಅರ್ಧ ಕೊಟ್ಟೆ.

"ಇನ್ನರ್ಧ?"

"ನಾಳೆಗೆ ಅತ್ತೆ."

"ನಾಳೆಗಂಟ ಅದ್ರ ಪವರ್ ಎಲ್ಲೈತೆ ಕಣಮ್ಮ? ಸೋಡಾ ಒಡೆದಿಟ್ಟಂಗೆ!"

ಮೊದಲು ಎದ್ದು ಕೂರಬೇಕು, ಸ್ವಲ್ಪ ಹೊತ್ತಾದ ಮೇಲೆ ನಿಲ್ಲಬೇಕು ಎಂದೂ ಡಾಕ್ಟರು ಹೇಳಿದ್ದರು. ಅತ್ತೆ ಮಂಚದಿಂದ ಏಳುವುದೋ, ಬಸ್ಸು ಹೊರಟೇಬಿಟ್ಟಿತು ಎನ್ನುವ ಹಾಗೆ! ಮೂರನೆಯ ದಿನ ಎದ್ದವರೇ ಗೋಡೆ ಹಿಡಿದರು.

"ತಲೆ ಸುತ್ತುತೈತಾ ಅತ್ತೆ?"

"ನಂಗ್ಯಾಕೆ ಸುತ್ತುತೈತೆ? ಗೋಡೆ ಗಟ್ಟಿಗೈತಾ ಅಂತ ನೋಡ್ದೆ."

ಆ ಒಂದೇ ದಿನ ಗೋಡೆಗೆ ಐದು ಸಲ ಪರೀಕ್ಷೆಯಾಯಿತು. ನಾನು ನಕ್ಕೆ. ನಗಬಾರದಿತ್ತು.

ಆರನೆಯ ದಿನ ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಕುಸಿದುಬಿದ್ದರು. ಹೊಲಿಗೆ ಬಿಚ್ಚಲಿಲ್ಲ, ಪುಣ್ಯ. ಪಕ್ಕದ ಮನೆಯ ನರ್ಸಮ್ಮ ಬಂದು ಬಿಪಿ ನೋಡಿದರೆ ತೀರಾ ಕೆಳಗಿಳಿದಿತ್ತು. ಮಿಷನ್ನೇ ಕೆಟ್ಟಿರಬೇಕೆಂದು ನನ್ನ ತೋಳಿಗೂ ಕಟ್ಟಿ ನೋಡಿದರು. ಮಿಷನ್ ಸರಿಯಾಗಿಯೇ ಇತ್ತು. ಅತ್ತೆಯ ದಿಂಬು ಸರಿಮಾಡಲು ಹೋದಾಗ ಕೆಳಗೆ ಅದೇ ಬಿಪಿ ಮಾತ್ರೆಯ ಹಳೆಯ ಸ್ಟ್ರಿಪ್ಪು ಸಿಕ್ಕಿತು. ನಾನು ಕೊಟ್ಟ ಅರ್ಧದ ಜೊತೆಗೆ, ದಿನವೂ ಅದರಿಂದ ಇಡೀ ಒಂದು ನುಂಗಿದ್ದರು!

"ನೀನು ಕೊಟ್ಟಿದ್ದು ನಿನ್ನ ಸಮಾಧಾನಕ್ಕೆ ನುಂಗ್ದೆ ಕಣಮ್ಮ" ಎಂದರು, ಮಲಗಿದಲ್ಲಿಂದಲೇ.

ಫೋನಿನಲ್ಲಿ ಡಾಕ್ಟರು ಮಾತ್ರೆ ನಿಲ್ಲಿಸಿ ಈಗಲೇ ಕರೆತನ್ನಿ ಎಂದರು. ಕಾರಿನಲ್ಲಿ ಅತ್ತೆಯನ್ನು ಮಲಗಿಸಿಕೊಂಡು ಹಿಂದೂಪುರದ ದಾರಿ ಹಿಡಿದೆವು. ಭಯಕ್ಕೆ ನನ್ನ ಬಾಯಿ ನಿಲ್ಲಲಿಲ್ಲ. ಪ್ರಾಣ ತೆಗೆದುಕೊಳ್ಳಬೇಕೆಂದಿದ್ದೀರಾ, ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ಲವಾ ಎಂದು ಬೈದೇ ಬೈದೆ.

"ನಿಮ್ ಮಾವ ಕಂಬದೂರಿಗೆ ಮದ್ವೆಗೆ ಹೋದೋರು ಹಂಗೇ ಹೋಗ್ಬುಟ್ರಲ್ಲ" ಎಂದರು ಅತ್ತೆ. "ಬಿಪಿ ಮಾತ್ರೆ ಚೀಲಕ್ಕೆ ಹಾಕೋಳು ನಾನು. ಅವತ್ತು ಮರ್ತುಬುಟ್ಟೆ. ಇವತ್ತಿನವರ್ಗೂ ಯಾರಿಗೂ ಹೇಳಿಲ್ಲ."

ಮಾವ ತೀರಿಕೊಂಡು ಹನ್ನೊಂದು ವರ್ಷ. ಅತ್ತೆ ನನ್ನ ಕೆನ್ನೆ ಮುಟ್ಟಿದರು.

"ನಂಗೇನಾದ್ರೂ ಆದ್ರೆ, ಮಾತ್ರೆ ಕಮ್ಮಿ ಕೊಟ್ಟೋಳು ನಾನೇ ಅಂತ ನೀನು ಜೀವ್ಮಾನೆಲ್ಲ ಕೊರಗ್ತೀಯಲ್ಲಮ್ಮ. ಆ ಕಷ್ಟ ನಿಂಗೆ ಬ್ಯಾಡ ಅಂತ ನುಂಗ್ದೆ."