ನಾಲ್ಕನೇ ಕಾರ್ಡು

ಎಲ್ಲ ಎಡವಟ್ಟಿಗೂ ಕಾರಣ 'ಕಾರ್ಡು' ಎಂಬ ಒಂದೇ ಒಂದು ಮಾತು. ಶನಿವಾರ ಬೆಳಿಗ್ಗೆ ಕನ್ನಡಕದ ಅಂಗಡಿಯವನು ಹಲ್ಲುಜ್ಜುತ್ತಿದ್ದಾಗ, ಅಡುಗೆಮನೆಯಲ್ಲಿ ಹೆಂಡತಿ ಫೋನಿಗೆ ಪಿಸುಗುಡುತ್ತಿದ್ದದ್ದು ಕಿವಿಗೆ ಬಿತ್ತು.

“ಮೂರು ಕಾರ್ಡು ಸಲೀಸಾಗಿ ಬರುತ್ತೆ ಅಕ್ಕಾ, ನಾಲ್ಕನೇದೇ ಕೈಗೆ ಕೂರ್ತಿಲ್ಲ. ಹೂಂ, ಸಂಜೆ ಬರ್ತೀನಿ. ಇವರಿಗೆ ಸುಳಿವೂ ಸಿಗಬಾರದು.”

ಅವನು ಬಾಯಲ್ಲಿದ್ದ ನೊರೆಯನ್ನು ನುಂಗಿಬಿಟ್ಟ. ಅಕ್ಕ ಎಂದರೆ ಮೇಲಿನ ಮಹಡಿಯ ನರ್ಸಕ್ಕ. ಕೈಗೆ ಕೂರದ ಕಾರ್ಡು ಎಂದರೆ ಇಸ್ಪೀಟಲ್ಲದೆ ಇನ್ನೇನು?

ಇಸ್ಪೀಟು ಅವರ ಸಂಸಾರದಲ್ಲಿ ಹುಡುಗಾಟದ ಮಾತಲ್ಲ. ಅವನ ಮಾವ ಇದ್ದ ಒಂದು ಮನೆಯನ್ನೂ ರಮ್ಮಿಯಲ್ಲಿ ಕಳೆದವರು. ಅದಕ್ಕೇ ಹೆಂಡತಿಯ ಅಣ್ಣ ಮದುವೆಗೆ ಮುಂಚೆ ಕೇಳಿದ್ದು ಒಂದೇ ಪ್ರಶ್ನೆ: “ಇಸ್ಪೀಟು ಆಡ್ತೀರಾ?”

“ರಾಜ ಯಾವುದು, ರಾಣಿ ಯಾವುದು ಅಂತಾನೂ ಗೊತ್ತಿಲ್ಲ ಭಾವ,” ಎಂದಿದ್ದ ಇವನು.

“ಗೊತ್ತಾದ ದಿನ ನನ್ನ ತಂಗಿ ನನ್ನ ಮನೇಲಿರ್ತಾಳೆ.”

ಹತ್ತು ವರ್ಷದಿಂದ ಭಾವ ಬಂದಾಗಲೆಲ್ಲ ಇದನ್ನೇ ನೆನಪಿಸಿ, ಇವನ ಮುಖವನ್ನು ಪೊಲೀಸಿನವರ ಹಾಗೆ ನೋಡುತ್ತಿದ್ದರು. ಈಗ ನೋಡಿದರೆ ಅವರ ತಂಗಿಯೇ! ಅವನಿಗೆ ಹೊಟ್ಟೆ ಉರಿಯಿತು. ಸುಳ್ಳೇಕೆ, ಒಳಗೊಳಗೇ ಒಂದಿಷ್ಟು ಖುಷಿಯೂ ಆಯಿತು.

ತಿಂಡಿ ಬಡಿಸುವಾಗ ಅವಳ ಎಡಗೈ ನೋಡಿದ. ಬೆರಳ ತುದಿಗಳೆಲ್ಲ ಜಡ್ಡುಗಟ್ಟಿದ್ದವು.

“ಏನೇ ಇದು?”

“ಪಾತ್ರೆ ಉಜ್ಜಿ ಉಜ್ಜಿ ಹಂಗಾಗಿದೆ ಕಣ್ರೀ.”

ಎಡಗೈ ಬೆರಳ ತುದಿಯಲ್ಲಿ ಪಾತ್ರೆ ಉಜ್ಜುವವರನ್ನು ಅವನು ಎಲ್ಲೂ ಕಂಡಿರಲಿಲ್ಲ.

“ಇವತ್ತೂ ಅಂಗಡೀಲಿ ಗಾಜು ಉಜ್ಜೋದಿದ್ಯಾ?” ಎಂದಳು. ಶನಿವಾರ ಅವನು ಮನೆಗೆ ಬರುವುದು ಯಾವಾಗಲೂ ತಡ.

“ಇದೆ.”

ಅವಳ ಮುಖ ಅರಳಿತು. ಅವನ ಅನುಮಾನಕ್ಕೆ ರೆಕ್ಕೆಪುಕ್ಕ ಬಂತು.

ಐದು ಗಂಟೆಗೆಲ್ಲ ಅವನು ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿ, ನರ್ಸಕ್ಕನ ಬಾಗಿಲಿಗೆ ಕಿವಿಗೊಟ್ಟ. ಒಳಗಿನಿಂದ ಟಪ್, ಟಪ್ ಟಪ್ ಎಂದು ಸದ್ದು. ಆಮೇಲೆ ನರ್ಸಕ್ಕನ ದನಿ.

“ಕಾರ್ಡು ಬೇಗ ಬದಲಾಯಿಸು! ಬದಲಾಯಿಸಿದ್ದು ಗೊತ್ತಾಗಬಾರದು. ನೀನು ಕೆಳಗಿಂದ ಹೊಡಿ, ನಾನು ಮೇಲಿಂದ ಹೊಡೀತೀನಿ. ಎರಡೂ ಕೂಡಿದರೆ ನಿನ್ನ ಗಂಡ ಕರಗಿಹೋಗಬೇಕು!”

ಕರಗುವುದಿರಲಿ, ಅವನು ಕೊತಕೊತ ಕುದಿದುಹೋದ. ಎರಡು ಬೀದಿ ಆಚೆಯಿದ್ದ ಭಾವನಿಗೆ ಫೋನು ಮಾಡಿ, “ಈಗಲೇ ಬನ್ನಿ, ಕಣ್ಣಾರೆ ನೋಡಿ,” ಎಂದ.

“ಏನ್ ಸಾರ್, ಬಾಗಿಲಿಗೆ ಕಿವಿ ಅಂಟಿಸಿದ್ದೀರಿ?” ಬೆನ್ನ ಹಿಂದೆ ಕಟ್ಟಡದ ಸೆಕ್ರೆಟರಿ.

“ಶ್! ಒಳಗೆ ರಮ್ಮಿ ನಡೀತಿದೆ.”

ಸೆಕ್ರೆಟರಿಯ ಕಣ್ಣು ಮಿಂಚಿತು. “ಛೇ ಛೇ, ನಮ್ಮ ಕಟ್ಟಡದಲ್ಲಾ? ನಾನು ಯಾರಿಗೂ ಹೇಳಲ್ಲ ಬಿಡಿ,” ಎಂದು ಕೆಳಗಿಳಿದವನು, ಭಾವ ಏದುಸಿರು ಬಿಡುತ್ತ ಬರುವಷ್ಟರಲ್ಲಿ ಎರಡು ಮಹಡಿಯ ಜನವನ್ನು ಮೆಟ್ಟಿಲ ಮೇಲೆ ತಂದು ನಿಲ್ಲಿಸಿದ್ದ.

“ನನ್ನ ತಂಗಿನಾ? ಸಾಧ್ಯವೇ ಇಲ್ಲ,” ಎಂದರು ಭಾವ.

“ನೀವೇ ಕೇಳಿ ಭಾವ! ಟಪ್ — ಅದು ಕೆಳಗೆ ಹಾಕಿದ ಎಲೆ. ಟಪ್ ಟಪ್ — ಒಂದು ಎತ್ತಿಕೊಂಡು ಇನ್ನೊಂದು ಹಾಕಿದ್ದು. ಹದಿಮೂರೆಲೆ ಆಟ. ಮೂರು ಕೂಡಿದೆ, ನಾಲ್ಕನೇದಕ್ಕೆ ಕಾಯ್ತಿದ್ದಾಳೆ. ಕೈಯಲ್ಲಿ ಜೋಕರ್ ಇಲ್ಲ. ನಾನಾಗಿದ್ರೆ ಮೊದಲನೇ ಸುತ್ತಿಗೇ ಎಲೆ ಕೆಳಗಿಟ್ಟು ಡ್ರಾಪ್ ಮಾಡ್ತಿದ್ದೆ!”

ಭಾವ ಇವನನ್ನೊಮ್ಮೆ ನೋಡಿ ತಲೆ ತಗ್ಗಿಸಿದರು. ಹತ್ತು ವರ್ಷದಲ್ಲಿ ಮೊದಲ ಬಾರಿಗೆ ಅವರು ನಾಚಿಕೊಂಡರು ಎಂದುಕೊಂಡು ಇವನು ಎದೆಯುಬ್ಬಿಸಿ ಬಾಗಿಲು ದೂಡಿದ.

ಒಳಗೆ ಎರಡು ಕುರ್ಚಿ, ಇಬ್ಬರು ಹೆಂಗಸರು, ಅವರ ತೊಡೆಯ ಮೇಲೆ ಎರಡು ಗಿಟಾರು. ತಂತಿಗಳ ಕೆಳಗೆ ಒರೆಸುವ ಬಟ್ಟೆ ತುರುಕಿತ್ತು.

“ಕಾ... ಕಾರ್ಡೆಲ್ಲಿ?” ಎಂದ.

“ಇಲ್ಲಿದೆಯಲ್ಲ,” ಎಂದು ನರ್ಸಕ್ಕ ಮೂರು ಬೆರಳಿನಿಂದ ತಂತಿ ಒತ್ತಿ ತೋರಿಸಿದಳು. “ಹಿಂಗೆ ಒಟ್ಟಿಗೆ ಹಿಡಿದು ನುಡಿಸಿದರೆ ಅದೇ ಕಾರ್ಡು.”

“ನಾಳೆಗೆ ನಮ್ಮ ಮದುವೆಯಾಗಿ ಹತ್ತು ವರ್ಷ ಅಲ್ವೇನ್ರೀ?” ಎಂದಳು ಹೆಂಡತಿ. “ರಾಗ ನಾನೇ ಕಟ್ಟಿದ್ದು. ಜೊತೆ ಸ್ವರ ಅಕ್ಕಂದು. ಕೆಳಗೆ ನಿಮಗೆ ಕೇಳಿಸದಿರಲಿ ಅಂತ ಬಟ್ಟೆ ಇಟ್ಟಿದ್ವಿ.”

ಬಟ್ಟೆ ಕಿತ್ತೆಸೆದು ನುಡಿಸಿದಳು. ಅವಳ ರಾಗ ಮೆಲ್ಲಗೆ ಹೆಜ್ಜೆಯಿಟ್ಟಿತು. ನರ್ಸಕ್ಕನ ಸ್ವರ ಒಂದು ಮೆಟ್ಟಿಲು ಮೇಲೆ, ಅದರ ಕೈ ಹಿಡಿದುಕೊಂಡೇ ನಡೆಯಿತು. ನಾಲ್ಕನೇ ಕಾರ್ಡು ಕೂಡ ಸರಿಯಾಗಿ ಕೂತಿತು. ಕನ್ನಡಕದವನ ಕನ್ನಡಕ ಮಂಜಾಯಿತು. ಇಂಥವಳನ್ನು ಅನುಮಾನಿಸಿದೆನಲ್ಲ ಎಂದು ಅವನಿಗೆ ನಿಜವಾಗಿಯೂ ಅಳು ಬಂತು.

“ಅಲ್ರೀ,” ಎಂದರು ಭಾವ ಇವನಿಗೆ, ತುಂಬ ಮೆತ್ತಗೆ. “ರಾಜ ಯಾವುದು ರಾಣಿ ಯಾವುದು ಗೊತ್ತಿಲ್ಲದೋರು, ಮುಚ್ಚಿದ ಬಾಗಿಲಾಚೆಯಿಂದ ಎಲೆ ಸದ್ದು ಕೇಳಿಯೇ ಆಟ ಹೇಳಿಬಿಟ್ರಲ್ಲ?”

ಕಳ್ಳನಿಗೆ ಚೇಳು ಕಡಿದಂತಾಯಿತು. ಹೆಂಡತಿಯ ಬೆರಳು ತಂತಿಯ ಮೇಲೇ ನಿಂತಿತು.

“ಶನಿವಾರ ಶನಿವಾರ ನೀವು ಉಜ್ಜಿದ್ದು ಗಾಜೇನಾ?” ಎಂದಳು.

ಅರ್ಧ ಗಂಟೆಯಲ್ಲಿ ಭಾವ ತಂಗಿಯ ಪೆಟ್ಟಿಗೆಯನ್ನೂ ಗಿಟಾರನ್ನೂ ಹೊತ್ತು ಇಳಿದುಹೋದರು. ಅವಳೂ ತಿರುಗಿ ನೋಡದೆ ಹಿಂದೆಯೇ ಹೋದಳು. ಜನ ಚದುರಿದರು. ಚಪ್ಪಲಿ ಕೈಯಲ್ಲೇ ಹಿಡಿದು ಮೆಟ್ಟಿಲ ಮೇಲೆ ಕುಸಿದಿದ್ದವನ ಪಕ್ಕಕ್ಕೆ ಸೆಕ್ರೆಟರಿ ಬಂದು ಕೂತು, ಹೆಗಲ ಮೇಲೆ ಕೈಯಿಟ್ಟ. ಆ ಹೊತ್ತಿಗೆ ಅಷ್ಟಾದರೂ ಕರುಣೆ ತೋರಿದನಲ್ಲ ಎಂದು ಇವನು ಕಣ್ಣೊರೆಸಿಕೊಂಡ.

ಸೆಕ್ರೆಟರಿ ಅತ್ತಿತ್ತ ನೋಡಿ ಕಿವಿಯಲ್ಲಿ ಉಸುರಿದ: “ಸಾರ್, ಇನ್ಮೇಲೆ ಶನಿವಾರ ನೀವು ಹೋಗೋ ಹಾಗಿಲ್ಲವಲ್ಲ. ಆ ರಮ್ಮಿ ಆಟದಲ್ಲಿ ನಿಮ್ಮ ಕೈ ನನಗೆ ಕೊಡಿಸ್ತೀರಾ?”