ಜಾಹೀರಾತಿನಿಂದ ಸೈಕಲ್ಲನ್ನು ತೆರವುಗೊಳಿಸಿದ ಬಗ್ಗೆ

ಒಮ್ಮೆ ಮಂಜೂರಾದ ಚಿತ್ರವನ್ನು ಜಾಹೀರಾತಿನಿಂದ ಅಳಿಸುವಂತಿಲ್ಲ ಎಂಬುದು ಆ ಸೈಕಲ್ ಕಂಪನಿಯ ಮೊದಲನೆಯ ನಿಯಮ. ಹೊಸದಾಗಿ ಬಂದ ಪ್ರತಿಯೊಬ್ಬ ಮ್ಯಾನೇಜರೂ ಜಾಹೀರಾತಿಗೆ ಏನಾದರೊಂದನ್ನು ಸೇರಿಸತಕ್ಕದ್ದು ಎಂಬುದು ಎರಡನೆಯದು.

ಸ್ಥಾಪಕರು ಸವಾರನ ಬೆನ್ನಿಗೆ ಸಿಂಹವೊಂದನ್ನು ಬಿಟ್ಟಿದ್ದರು. ಮುಂದಿನ ದಶಕದಲ್ಲಿ ಕೂದಲು ಹಾರಿಸುತ್ತ ನಗುವ ತರುಣಿ ಬಂದಳು. ಆಮೇಲೆ ಬಂದ ಮ್ಯಾನೇಜರು ಸಂಸಾರಸ್ಥರು. ಸವಾರನ ಹಿಂದೆ ಹೆಂಡತಿಯನ್ನೂ ಮುಂದೆ ಇಬ್ಬರು ಮಕ್ಕಳನ್ನೂ ಕೂರಿಸಿದರು. ಜನ ಆಕಾಶ ನೋಡತೊಡಗಿದ ಕಾಲಕ್ಕೆ ರಾಕೆಟ್ಟು, ಸಿನಿಮಾ ನೋಡತೊಡಗಿದ ಕಾಲಕ್ಕೆ ನಟ. ಪರಿಸರದ ದಶಕದಲ್ಲಿ ಕಾಡು ಬೆಳೆದು ಸಿಂಹಕ್ಕೆ ಕೊನೆಗೂ ನೆರಳು ಸಿಕ್ಕಿತು. ಈಗಿನ ಮ್ಯಾನೇಜರು, ಆರೋಗ್ಯದ ಗುರುತಾಗಿ, ದೊಡ್ಡದೊಂದು ಹೃದಯ ಬರೆಯಲು ಆಜ್ಞಾಪಿಸಿದರು.

ಹೃದಯಕ್ಕೆ ಜಾಗವಿರಲಿಲ್ಲ.

ಕಂಪನಿಯ ಪೇಂಟರು ತಲೆ ಕೆರೆದುಕೊಂಡರು. ಸಿಂಹ, ರಾಕೆಟ್ಟು ಯಾರು ಬೇಕಾದರೂ ಬರೆದಾರು. ಉಸಿರು ಬಿಗಿಹಿಡಿದು ಚಕ್ರದ ಕಡ್ಡಿ ಎಳೆಯುವುದು ತನಗೊಬ್ಬನಿಗೇ ಗೊತ್ತು ಎಂಬುದು ಅವರ ಬಾಳಿನ ಏಕೈಕ ಜಂಭ.

"ರಾಕೆಟ್ ತೆಗೆಯೋಣ ಸಾರ್."

"ಮಂಜೂರಾಗಿದೆ."

"ಸಿಂಹ?"

"ಸ್ಥಾಪಕರ ಸಿಂಹ ಕಣ್ರೀ! ಬಿಡ್ತು ಅನ್ನಿ."

ಮ್ಯಾನೇಜರು ವಿಚಾರಣೆ ನಡೆಸಿದರು. ಸೈಕಲ್ಲನ್ನು ಮಾತ್ರ ಯಾರೂ ಮಂಜೂರು ಮಾಡಿರಲಿಲ್ಲ. ಸೈಕಲ್ ಜಾಹೀರಾತೆಂದ ಮೇಲೆ ಅದು ಇದ್ದೇ ಇರುತ್ತದೆಂದು ಎಲ್ಲರೂ ನಂಬಿಕೊಂಡಿದ್ದರು. ಇಷ್ಟು ದಶಕ ಅನಧಿಕೃತವಾಗಿ ನೆಲೆಸಿದ್ದ ಸೈಕಲ್ಲನ್ನು ಕೂಡಲೇ ತೆರವುಗೊಳಿಸಲು ಆದೇಶವಾಯಿತು.

"ಸವಾರ ಯಾವುದರ ಮೇಲೆ ಕೂರ್ತಾನೆ ಸಾರ್?"

"ಅವನು ಮಂಜೂರಾದವನು. ಎಲ್ಲಿದ್ದಾನೋ ಅಲ್ಲೇ ಕೂರಲಿ."

ಸವಾರ ಹೆಂಡತಿ ಮಕ್ಕಳ ಸಮೇತ ಗಾಳಿಯಲ್ಲಿ ಕೂತು ತುಳಿಯತೊಡಗಿದ. ಅವನ ಕಾಲ ಕೆಳಗೆ ಹೃದಯ ಬಡಿಯತೊಡಗಿತು.

ಜನ ಛೀ ಥೂ ಅಂದರೆ ಸೈಕಲ್ಲು ವಾಪಸ್ ಬಂದೀತೆಂಬ ಆಸೆಯಿಂದ ಪೇಂಟರು ಪೋಸ್ಟರಿನ ಪಕ್ಕದಲ್ಲೇ ನಿಂತರು. ಅತ್ತೆ ಸೊಸೆ ಇಬ್ಬರು ಬಂದರು.

"ಸೈಕಲ್ ಎಲ್ಲೇ?" ಅಂದರು ಅತ್ತೆ.

"ಅಷ್ಟು ಸ್ಪೀಡು ಅತ್ತೆ. ಕಣ್ಣಿಗೇ ಕಾಣಲ್ಲ."

"ನಿನ್ನ ಗಂಡನಿಗೊಂದು ಕೊಡಿಸೋಣ ಕಣೇ. ದಿನಾ ಲೇಟು, ಮುಂಡೇದು."

ಅಂಗಡಿಗಳಲ್ಲಿ ನೂಕುನುಗ್ಗಲಾಯಿತು. ಕೊಂಡ ಸೈಕಲ್ಲು ಕಣ್ಣಿಗೆ ಕಾಣುತ್ತಿದೆಯೆಂದು ದೂರು ತಂದವರಿಗೆ, "ನಿಂತಾಗ ಕಾಣುತ್ತೆ, ಜೋರಾಗಿ ತುಳೀರಿ" ಎಂದು ಅಂಗಡಿಯವರು ಸಮಾಧಾನ ಹೇಳಿದರು. ತುಳಿದು ಸುಸ್ತಾದವರು ತಮ್ಮ ಕಾಲನ್ನೇ ಬೈದುಕೊಂಡರು.

ಪೇಂಟರು ಮರುವರ್ಷದ ಜಾಹೀರಾತನ್ನೂ ಹಾಗೆಯೇ ಬರೆದು ಸಭೆಯಲ್ಲಿ ನಿಲ್ಲಿಸಿದರು. ಅಧ್ಯಕ್ಷರು ಸವಾರನ ಕೆಳಗೆ ಬಹಳ ಹೊತ್ತು ದಿಟ್ಟಿಸಿದರು.

"ಹಿಂದಿನ ಚಕ್ರ ಚೂರು ಸೊಟ್ಟ ಅಲ್ವೇನ್ರೀ?"

ಪೇಂಟರ ಮುಖ ಕೆಂಪಾಯಿತು.

"ನನ್ನ ಚಕ್ರ ಸೊಟ್ಟ ಅಂದ್ರಾ? ಬಗ್ಗಿ ನೋಡಿ ಸಾರ್. ಒಂದೊಂದು ಕಡ್ಡಿನೂ ನೆಟ್ಟಗಿದೆ!"

ಸಭೆಗೆ ಸಭೆಯೇ ಬಗ್ಗಿತು.

"ಹೌದ್ರೀ, ನೆಟ್ಟಗಿದೆ," ಎಂದ ಅಧ್ಯಕ್ಷರು ಮೆಚ್ಚಿ ಬೆರಳು ಚಾಚಿದರು.

"ಮುಟ್ಟಬೇಡಿ ಸಾರ್, ಚಕ್ರದ ಬಣ್ಣ ಇನ್ನೂ ಹಸಿ."

ಅಧ್ಯಕ್ಷರು ಬೆರಳನ್ನು ಹಿಂದಕ್ಕೆಳೆದು ಕರವಸ್ತ್ರಕ್ಕೆ ಒರೆಸಿಕೊಂಡರು.